ಟಯರು ಸಿಡಿಯುವುದು ದೈವದಿಂದಲ್ಲ



2025ರ ಜೂನ್ ತಿಂಗಳಲ್ಲಿ ಒಂದು ದಿನ, ರಾತ್ರಿಯೆಲ್ಲ ಮಳೆ ಬಿದ್ದ ಬೆಳಿಗ್ಗೆ, ಗಿರಣಿಯ ಮೊದಲ ಪಾಳಿಗೆ ಹಳ್ಳಿಗಳಿಂದ ಹೆಣ್ಣಾಳುಗಳನ್ನು ಕರೆತರುತ್ತಿದ್ದ ಗುತ್ತಿಗೆಯ ವ್ಯಾನೊಂದು ದಾವಣಗೆರೆಗೆ ಇನ್ನೂ ಐದು ಕಿಲೋಮೀಟರು ಇರುವಾಗ ತಿರುವಿನಲ್ಲಿ ಜಾರಿ, ಹಿಂಭಾಗ ಮುಂದಾಗಿ ತಿರುಗಿ, ಹೊಲದ ಬದುವಿಗೆ ಹೋಗಿ ಒರಗಿತು. ಸತ್ತವರಿಲ್ಲ. ಒಬ್ಬಾಕೆಯ ಹೆಗಲ ಮೂಳೆ ಮುರಿಯಿತು. ಇಬ್ಬರಿಗೆ ಹಣೆ ಒಡೆಯಿತು. ಎಲ್ಲರ ಬುತ್ತಿಯೂ ಕೆಸರುಪಾಲಾಯಿತು. ನಾವು ಸುದ್ದಿ ಕೇಳಿ ಅಲ್ಲಿಗೆ ಹೋಗುವ ಹೊತ್ತಿಗೆ ಗುತ್ತಿಗೆದಾರರು ಆಗಲೇ ಬಂದು ಕೊಡೆ ಹಿಡಿದು ನಿಂತಿದ್ದರು. "ಟಯರೇನು ಮಾಡೀತು ಮೇಷ್ಟ್ರೇ, ಗ್ರಹಚಾರ. ದೇವರು ದೊಡ್ಡವನು, ಇಷ್ಟಕ್ಕೇ ಬಿಟ್ಟ" ಎಂದರು.

ದೇವರಿಗೆ ಸಲ್ಲಬೇಕಾದದ್ದು ದೇವರಿಗೆ ಸಲ್ಲಲಿ. ನಾವು ಬಗ್ಗಿ ಹಿಂದಿನ ಎರಡು ಗಾಲಿಗಳನ್ನು ನೋಡಿದೆವು. ಬಟನ್ ಇದ್ದ ಗುರುತೇ ಇರಲಿಲ್ಲ. ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಒಂದರ ಪಕ್ಕೆಯ ಮೇಲೆ ಅಚ್ಚಾಗಿದ್ದ ಕೊನೆಯ ನಾಲ್ಕು ಅಂಕಿ 3114. ಎಂದರೆ 2014ನೆಯ ಇಸವಿಯ 31ನೆಯ ವಾರದಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಟಯರು ಅದು. ಹತ್ತು ವರ್ಷ ದಾಟಿದ ರಬ್ಬರು. ಎಷ್ಟು ಕಾರುಗಳ ಕೆಳಗೆ ಉರುಳಿ, ಎಷ್ಟು ಕೈ ಬದಲಾಯಿಸಿ, ಕೊನೆಗೆ ನಮ್ಮ ಹೆಣ್ಣುಮಕ್ಕಳ ಕೆಳಗೆ ಬಂತೋ!

ಇಷ್ಟಾದ ಮೇಲೆ ನಡೆದದ್ದು ಇನ್ನೂ ಸೊಗಸು. ಗುತ್ತಿಗೆದಾರರು ಎರಡು ಟಯರು ಬದಲಾಯಿಸಿದರು. ಹೊಸದಲ್ಲ, ಮತ್ತೆ ಹಳೆಯವೇ. ಅದರ ಹಣವನ್ನು ಮೂರು ತಿಂಗಳ ಕಂತಿನಲ್ಲಿ ಚಾಲಕನ ಕೂಲಿಯಿಂದ ಮುರಿದುಕೊಂಡರು. ಅವನು ನಮ್ಮ ಮುಂದೆ ಬಂದು ಕುಳಿತು, "ನಾನೇ ಕೇಳಿದ್ದೆ ಮೇಷ್ಟ್ರೇ, ಮಳಿ ಹಿಡಿಯೋದ್ರಾಗೆ ಹಾಕಿಸ್ರಿ ಅಂತ. ಇನ್ನೊಂದು ತಿಂಗ್ಳು ಓಡ್ಸು ಅಂದ್ರು" ಎಂದ. ಆ ಒಂದು ಮಾತಿನಿಂದಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಾರಿನ ಟಯರಿಗೂ ದುಡಿಯುವವನಿಗೂ ಏನು ಸಂಬಂಧ, ಅದು ಉಳ್ಳವರ ಚಿಂತೆ ಎನ್ನುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಉಳ್ಳವನಿಗೆ ಆ ಚಿಂತೆಯೇ ಇಲ್ಲ. ಅವನ ಕಾರಿನ ಟಯರು ಅರ್ಧ ಸವೆದೊಡನೆ ಅಂಗಡಿಯವನು ಅದನ್ನು ಬಿಚ್ಚಿ, ಹೊಸದನ್ನು ಹಾಕಿ, ಬಿಚ್ಚಿದ್ದನ್ನು ಗೋಡೆಗೆ ಒರಗಿಸುತ್ತಾನೆ. ಅಲ್ಲಿಂದ ಅದು ಬಾಡಿಗೆ ಕಾರಿಗೆ, ಬಾಡಿಗೆ ಕಾರಿನಿಂದ ಆಳುಗಳನ್ನು ತುಂಬುವ ವ್ಯಾನಿಗೆ, ವ್ಯಾನಿನಿಂದ ಸಂತೆಗೆ ಸರಕು ಸಾಗಿಸುವ ಸಣ್ಣ ವ್ಯಾಪಾರಿಯ ಗಾಡಿಗೆ ಇಳಿಯುತ್ತ ಬರುತ್ತದೆ. ಸವೆದಷ್ಟೂ ಟಯರು ಬಡವನ ಕಡೆಗೆ ಉರುಳುತ್ತದೆ. ಮೇಲಿನವನು ಒಬ್ಬನೇ ಕುಳಿತು ಓಡಿಸಿದ ಟಯರಿನ ಮೇಲೆ ಕೆಳಗಿನವರು ಹನ್ನೆರಡು ಜನ ಕೂರುತ್ತಾರೆ.

ಟಯರು ಸಿಡಿದರೆ ಅದು ದೈವದ ಆಟ ಎಂಬ ವಾದ ನಮ್ಮ ಗುತ್ತಿಗೆದಾರರ ಸ್ವಂತ ಸೊತ್ತಲ್ಲ. ಒಂದು ದೊಡ್ಡ ವಿಮಾ ಕಂಪನಿಯೇ ಅದನ್ನು ಮುಂಬಯಿ ಹೈಕೋರ್ಟಿನಲ್ಲಿ ಹೂಡಿ ನೋಡಿತು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಹೋಗುತ್ತಿದ್ದ ಕಾರಿನ ಹಿಂದಿನ ಗಾಲಿ ಸಿಡಿದು, ಕಾರು ಕಂದಕಕ್ಕೆ ಬಿದ್ದು, ಒಬ್ಬರು ಸತ್ತರು. ನ್ಯಾಯಮಂಡಳಿ ಅವರ ಕುಟುಂಬಕ್ಕೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಕಂಪನಿ ಮೇಲ್ಮನವಿ ಹೋಗಿ, ಟಯರು ಸಿಡಿದದ್ದು ದೈವಕೃತ್ಯ, ನಾವು ಹೊಣೆಯಲ್ಲ ಎಂದಿತು. 2023ರಲ್ಲಿ ಹೈಕೋರ್ಟು ಆ ಮನವಿಯನ್ನು ತಳ್ಳಿಹಾಕಿತು. ದೈವಕೃತ್ಯವೆಂದರೆ ಮನುಷ್ಯನ ಕೈವಾಡವಿಲ್ಲದೆ ಪ್ರಕೃತಿಯಿಂದ ಬಂದೆರಗುವ ಅನಾಹುತ. ಟಯರು ಸಿಡಿಯುವುದು ಅತಿವೇಗದಿಂದ, ಗಾಳಿ ಕಡಿಮೆಯಾದುದರಿಂದ ಅಥವಾ ಹೆಚ್ಚಾದುದರಿಂದ, ಬಳಸಿ ಹಳತಾದ ಟಯರಿನಿಂದ, ತಾಪದಿಂದ. ಹೊರಡುವ ಮುನ್ನ ಅದನ್ನು ನೋಡಿಕೊಳ್ಳುವುದು ಮಾಲೀಕ ಅಥವಾ ಚಾಲಕನ ಕರ್ತವ್ಯ ಎಂಬುದು ಅದರ ತೀರ್ಪಿನ ಸಾರ. ಕೊಡೆ ಹಿಡಿದು ನಿಂತಿದ್ದ ಮಹಾಶಯರು ಇದನ್ನು ಓದಿಕೊಳ್ಳಬೇಕು. ಇದರಲ್ಲೂ ಒಂದು ಮಾತಿದೆ. ಟಯರು ಕೊಳ್ಳುವ ಹಣ ಯಾರ ಕೈಯಲ್ಲಿದೆಯೋ ಹೊಣೆಯೂ ಅವನದಾಗಬೇಕು. ಚಾಲಕನು ನೋಡಿದ, ನೋಡಿ ಹೇಳಿದ, ಹೇಳಿಯೂ ಅದೇ ಗಾಡಿಯನ್ನು ಓಡಿಸಬೇಕಾಯಿತು. ಓಡಿಸೆನೆಂದರೆ ನಾಳೆ ಇನ್ನೊಬ್ಬ ಚಾಲಕ ಬರುತ್ತಾನೆ.

ಕಾನೂನು ಮೂಕವಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದ ಪ್ರಕಾರ ಕಾರು, ವ್ಯಾನುಗಳ ಟಯರಿನ ಬಟನಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಸ್ಕೂಟರು, ಆಟೋರಿಕ್ಷಾಗಳಿಗೆ 0.8. ಅಳೆಯಲು ಯಂತ್ರ ಬೇಡ. ಬಟನಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ಅವು ಎಲ್ಲಿವೆಯೆಂದು ತೋರಿಸಲು ಪಕ್ಕೆಯ ಮೇಲೆ ಸಣ್ಣ ತ್ರಿಕೋನವೋ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಇರುತ್ತವೆ. ಮೇಲ್ಮೈ ಸವೆದು ಆ ಅಡ್ಡಗಟ್ಟೆಗೆ ಸಮನಾಯಿತೆಂದರೆ ಟಯರಿನ ಆಯುಸ್ಸು ತೀರಿತು. ಹೊಸ ಕಾರಿನ ಟಯರಿನಲ್ಲಿ ಈ ಆಳ ಏಳೆಂಟು ಮಿಲಿಮೀಟರು ಇರುತ್ತದೆ. ಆ ಗೆರೆಗಳು ಅಂದಕ್ಕೆ ಕೊರೆದವಲ್ಲ, ನೀರು ಹರಿದುಹೋಗಲು ತೋಡಿದ ಕಾಲುವೆಗಳು. ಕಾಲುವೆ ಹೂತರೆ ಗದ್ದೆಯಲ್ಲಿ ನೀರು ನಿಲ್ಲುವಂತೆ, ಬಟನು ಸವೆದರೆ ಗಾಲಿಗೂ ರಸ್ತೆಗೂ ನಡುವೆ ನೀರು ನಿಲ್ಲುತ್ತದೆ. ಗಾಡಿ ರಸ್ತೆಯ ಮೇಲಲ್ಲ, ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು ತುಳಿದರೂ ಒಂದೇ, ಬಿಟ್ಟರೂ ಒಂದೇ. ಆದುದರಿಂದ 1.6 ಎಂಬುದು ದಂಡ ತಪ್ಪಿಸಿಕೊಳ್ಳುವ ಅಳತೆ, ಮಳೆಯಲ್ಲಿ ಜೀವ ಉಳಿಸಿಕೊಳ್ಳುವ ಅಳತೆಯಲ್ಲ. ಮೂರು ಮಿಲಿಮೀಟರಿಗೆ ಇಳಿದಾಗಲೇ, ಮುಂಗಾರಿಗೆ ಮುನ್ನವೇ, ಬದಲಾಯಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ಭಾರದ ಲೆಕ್ಕ. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಅಭ್ಯಾಸ ನಮಗೆ ಇನ್ನೂ ಬಿಟ್ಟಿಲ್ಲ, ಓದುಗರು ಸಹಿಸಿಕೊಳ್ಳಬೇಕು. ಸಣ್ಣ ಕಾರಿನ ಟಯರೊಂದರ ಪಕ್ಕೆಯ ಮೇಲೆ 145/80 ಆರ್ 13 75 ಎಸ್ ಎಂದಿರುತ್ತದೆ. 145 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಎಂಬತ್ತು ಪಾಲು, ಅಂದರೆ 116 ಮಿಲಿಮೀಟರು. ಆರ್ ಎಂದರೆ ರೇಡಿಯಲ್, 13 ಎಂದರೆ ರಿಮ್ಮಿನ ಅಂಗುಲ, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರಿನ ವೇಗಮಿತಿ. ನಮಗೆ ಬೇಕಾದದ್ದು ಆ 75. ಅದು ಭಾರದ ಸಂಕೇತ. 75 ಎಂದಿದ್ದರೆ ಆ ಟಯರು ಸರಿಯಾದ ಗಾಳಿ ಇದ್ದಾಗ 387 ಕಿಲೋ ಹೊರಬಲ್ಲದು. 82 ಎಂದಿದ್ದರೆ 475 ಕಿಲೋ. 75ರ ನಾಲ್ಕು ಟಯರು ಸೇರಿ 1,548 ಕಿಲೋ. ವ್ಯಾನಿನ ಸ್ವಂತ ತೂಕ ಒಂದು ಟನ್ನು ಎಂದಿಟ್ಟುಕೊಳ್ಳಿ. ಒಳಗೆ ಹನ್ನೆರಡು ಜನ, ತಲಾ 55 ಕಿಲೋ ಎಂದರೆ 660. ಒಟ್ಟು 1,660. ಬುತ್ತಿ, ಚೀಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಿಂದಿನ ಎರಡು ಗಾಲಿಗಳ ಮೇಲೆ ಹೆಚ್ಚು ಭಾರ ಬೀಳುವುದೂ ಲೆಕ್ಕಕ್ಕೆ ಬಂದಿಲ್ಲ. ಆದರೂ ಲೆಕ್ಕ ತಪ್ಪಿಹೋಯಿತು. ಹೊಸ ಟಯರಿದ್ದರೂ ಇದು ತಪ್ಪು ಲೆಕ್ಕವೇ. ಇಂಥ ಗಾಡಿಗೆ ಸಾಮಾನು ಸಾಗಿಸುವ ವಾಹನಗಳಿಗೆಂದೇ ಮಾಡಿದ, ಪಕ್ಕೆಯ ಮೇಲೆ ಎಲ್.ಟಿ. ಎಂದೋ 6 ಪಿ.ಆರ್., 8 ಪಿ.ಆರ್. ಎಂದೋ ಬರೆದಿರುವ ಗಟ್ಟಿ ಟಯರು ಬೇಕು. ಅದನ್ನು ತೆಗೆದು ಕಾರಿನ ಹಳೆಯ ಟಯರು ಹಾಕಿದವನು ಕೆಲವು ನೂರು ರೂಪಾಯಿ ಉಳಿಸಿದ. ಗಟ್ಟಿ ಟಯರು ಹಾಕಿದೊಡನೆ ಪರವಾನಗಿಗಿಂತ ಹೆಚ್ಚು ಜನರನ್ನು ತುಂಬಬಹುದೆಂದೂ ನಾವು ಹೇಳುತ್ತಿಲ್ಲ.

ನಮ್ಮ ರಸ್ತೆಗಳ ವಿಚಾರ. ಟಯರು ಕಂಪನಿಗಳ ಜಾಹೀರಾತಿನಲ್ಲಿ ಕಾರು ಸಮುದ್ರದ ದಂಡೆಯಲ್ಲಿ, ಕನ್ನಡಿಯಂಥ ರಸ್ತೆಯಲ್ಲಿ ಹಾರಿಹೋಗುತ್ತದೆ. ನಮ್ಮ ಚಾಲಕನು ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಬಗೆಯ ನೆಲವನ್ನು ದಾಟುತ್ತಾನೆ. ದಾವಣಗೆರೆ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಆಯಿತು. ಒರಟು ಕಾಂಕ್ರೀಟು ರಸ್ತೆ ರಬ್ಬರನ್ನು ಅರದಂತೆ ತೇಯುತ್ತದೆ. ಊರು ದಾಟಿದರೆ ರಾಷ್ಟ್ರೀಯ ಹೆದ್ದಾರಿ 48, ವೈಶಾಖದ ಬಿಸಿಲಿಗೆ ಹೆಂಚಿನಂತೆ ಕಾದಿರುತ್ತದೆ. ಹೆದ್ದಾರಿ ಬಿಟ್ಟರೆ ಭದ್ರಾ ಕಾಲುವೆಯ ಸೀಮೆ. ನಾಟಿಯ ದಿನಗಳಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರುಗಳ ಕೆಸರು ಡಾಂಬರಿನ ಮೇಲೆ ಎಣ್ಣೆ ಹಚ್ಚಿದಂತೆ ಹರಡಿರುತ್ತದೆ, ಸುಗ್ಗಿಯಲ್ಲಿ ಅದೇ ಡಾಂಬರಿನ ಮೇಲೆ ಮೆಕ್ಕೆಜೋಳ ಒಣಗುತ್ತಿರುತ್ತದೆ. ಕಣವಿಲ್ಲದ ರೈತ ಇನ್ನೆಲ್ಲಿ ಹೋಗಬೇಕು? ಕಾಳಿನ ಮೇಲೆ ಗಾಲಿ ಹೋದರೆ ಗುಂಡುಗಳ ಮೇಲೆ ಕಾಲಿಟ್ಟಂತೆ. ಇನ್ನೂ ಒಳಗೆ ಹೋದರೆ ಟಿಪ್ಪರುಗಳು ಚೆಲ್ಲಿದ ಜಲ್ಲಿ, ಬಾಯ್ದೆರೆದ ಗುಂಡಿ, ಎರೆಮಣ್ಣಿನ ಹಾದಿ.

ಇಂಥ ನೆಲಕ್ಕೆ ಎಂಥ ಟಯರು ಬೇಕು? ಪಕ್ಕೆ ಎತ್ತರವಿರುವುದು ಬೇಕು. ಗುಂಡಿಗೆ ಬಿದ್ದಾಗ ಏಟು ತಿನ್ನುವುದು ಆ ಪಕ್ಕೆಯೇ. ಈಗ ಹುಡುಗರು ಸಾಲ ಮಾಡಿ ದೊಡ್ಡ ರಿಮ್ಮು, ಅಗಲವಾದ, ಪಕ್ಕೆ ಗಿಡ್ಡವಾದ ಟಯರು ಹಾಕಿಸುವ ಶೋಕಿ ಬಂದಿದೆ. ಅಂಗಡಿಯವನೂ ಹುರಿದುಂಬಿಸುತ್ತಾನೆ. ನಮ್ಮ ಗುಂಡಿಗಳಲ್ಲಿ ಆ ಗಿಡ್ಡ ಪಕ್ಕೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಒಳಗಿನ ದಾರ ಹರಿದು, ಹೊರಗೆ ಗುಳ್ಳೆಯಂತೆ ಉಬ್ಬುತ್ತದೆ. ಉಬ್ಬಿದ ಪಕ್ಕೆಗೆ ಪಂಕ್ಚರು ಅಂಗಡಿಯಲ್ಲಿ ಮದ್ದಿಲ್ಲ, ಬಿಸಾಡಬೇಕು. ಗಾಡಿ ಮಾಡಿದವನು ಕೊಟ್ಟ ಅಳತೆಯೇ ಲೇಸು. ಜೀಪಿನವರು ಒರಟು ಬಟನಿನ ಟಯರು ಹಾಕಿಸುತ್ತಾರೆ. ದಿನವೂ ಜಲ್ಲಿ ಹಾದಿಯಲ್ಲೇ ಓಡುವವನಿಗೆ ಸರಿ, ವಾರಕ್ಕೆ ಐದು ದಿನ ಹೆದ್ದಾರಿಯಲ್ಲಿ ಓಡುವವನಿಗೆ ಸದ್ದು ಹೆಚ್ಚು, ಡೀಸೆಲ್ಲೂ ಹೆಚ್ಚು. ಮಳೆ ಹಿಡಿದ ಎರೆಮಣ್ಣಿನಲ್ಲಿ ಯಾವ ಬಟನೂ ಬಹಳ ಹೊತ್ತು ನಿಲ್ಲುವುದಿಲ್ಲ, ಮಣ್ಣು ಮೆತ್ತಿ ಅದೂ ನುಣುಪಾಗುತ್ತದೆ. ಅಲ್ಲಿ ಬೇಕಾದದ್ದು ಟಯರಲ್ಲ, ರಸ್ತೆ.

ಗಾಳಿಯ ವಿಷಯದಲ್ಲಿ ನಮ್ಮವರಲ್ಲೇ ಒಂದು ತಪ್ಪು ಬೇರೂರಿದೆ, ಅದನ್ನೂ ಹೇಳಿಬಿಡಬೇಕು. "ಬೇಸಗೆ ಅಲ್ವಾ, ಗಾಳಿ ಹಿಗ್ಗುತ್ತೆ, ಐದು ಪಾಯಿಂಟು ಕಮ್ಮಿ ಹಾಕು" ಎಂದು ಹೇಳುವುದನ್ನು ನಾವು ಬಂಕಿನಲ್ಲಿ ಎಷ್ಟು ಸಲ ಕೇಳಿಲ್ಲ? ಗಾಳಿ ಹಿಗ್ಗುವುದು ನಿಜ. ಆದರೆ ತಯಾರಕರು ಅದನ್ನು ಲೆಕ್ಕಕ್ಕೆ ಹಿಡಿದೇ ಅಂಕಿ ಕೊಟ್ಟಿರುತ್ತಾರೆ. ಗಾಳಿ ಕಡಿಮೆಯಾದರೆ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬೆರಳಿಗೆ ಬಿಸಿ ತಾಗುವುದಿಲ್ಲವೇ, ಹಾಗೆ ಕಾಯುತ್ತದೆ. ಕಾದ ರಸ್ತೆ, ಹೆಚ್ಚಿದ ಭಾರ, ಕಡಿಮೆ ಗಾಳಿ ಮೂರೂ ಕೂಡಿದಲ್ಲಿ ಟಯರು ಸಿಡಿಯುತ್ತದೆ. ಗಾಡಿಗೆ ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಇರುತ್ತದೆ, ತುಂಬಿದ ಗಾಡಿಗೆ ಬೇರೆ ಅಂಕಿಯೂ ಇರುತ್ತದೆ. ಟಯರಿನ ಮೇಲೆ ಬರೆದ ಒತ್ತಡ ಅದು ತಡೆಯುವ ಮಿತಿ, ನಾವು ಹಾಕಿಸಬೇಕಾದದ್ದಲ್ಲ. ಬೆಳಿಗ್ಗೆ, ಗಾಡಿ ಓಡುವ ಮುನ್ನ, ತಣ್ಣಗಿರುವಾಗ ಅಳೆಯಬೇಕು. ಬಟನು ಎರಡು ಅಂಚಿನಲ್ಲಿ ಸವೆದಿದ್ದರೆ ಗಾಳಿ ಕಡಿಮೆ ಓಡಿದೆ, ನಡುವೆ ಸವೆದಿದ್ದರೆ ಹೆಚ್ಚು ಓಡಿದೆ, ಒಂದೇ ಅಂಚು ಸವೆದಿದ್ದರೆ ಗಾಲಿ ಸೊಟ್ಟಗಿದೆ. ನೈಟ್ರೋಜನ್ ಎಂದು ಹಣ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಪೆಟ್ರೋಲ್ ಬಂಕಿನ ಗಾಳಿಗೆ ಹಣ ಕೊಡಬೇಕಿಲ್ಲ, ಕೇಳಿ ಹಾಕಿಸಿಕೊಳ್ಳಿ.

ಎರಡೇ ಹೊಸ ಟಯರು ಕೊಳ್ಳುವ ಶಕ್ತಿಯಿದ್ದರೆ ಅವನ್ನು ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ? ಮುಂದೆ ಎಂದು ನೂರಕ್ಕೆ ತೊಂಬತ್ತು ಜನ ಹೇಳುತ್ತಾರೆ. ತಪ್ಪು. ಹಿಂದೆ ಹಾಕಬೇಕು. ಮುಂದಿನದು ಜಾರಿದರೆ ಚಾಲಕನಿಗೆ ಕೈಯಲ್ಲೇ ಗೊತ್ತಾಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿತ ಸಿಕ್ಕೀತು. ಹಿಂದಿನದು ಜಾರಿದರೆ ಗಾಡಿಯೇ ಬುಗುರಿಯಂತೆ ತಿರುಗುತ್ತದೆ. ನಮ್ಮ ವ್ಯಾನು ತಿರುಗಿದ್ದು ಹಾಗೆಯೇ.

ಇಲ್ಲಿಗೆ ನಮ್ಮ ವಿರೋಧಿಗಳು ಬಾಯಿ ಹಾಕುತ್ತಾರೆ: ಬಡವರಿಗೆ ಹಳೆಯ ಟಯರು ಬೇಡವೆಂದರೆ ಅವರ ಗಾಡಿ ನಿಲ್ಲುವುದಿಲ್ಲವೇ? ಬಳಸಿದ್ದನ್ನೇ ಮತ್ತೆ ಬಳಸುವುದು ಪಾಪವೇ? ಅಲ್ಲ. ಸಾರಿಗೆ ನಿಗಮದ ಬಸ್ಸುಗಳೂ ರೀಟ್ರೆಡ್ ಮಾಡಿದ ಟಯರಿನ ಮೇಲೆ ಓಡುತ್ತವೆ. ಒಡಲು ಗಟ್ಟಿಯಿದೆಯೇ ಎಂದು ಪರೀಕ್ಷಿಸಿ, ಹೊಸ ರಬ್ಬರು ಹಚ್ಚಿ, ಬೇಯಿಸಿ ತಯಾರಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಬೋಳಾದ ಟಯರಿಗೆ ಕಾದ ಕತ್ತಿಯಿಂದ ಗೆರೆ ಕೊರೆದು, ಕಪ್ಪು ಬಣ್ಣ ಬಳಿದು, ಹೊಸದರಂತೆ ಮಿನುಗಿಸಿ ಮಾರುವುದಿದೆಯಲ್ಲ, ಅದು ಅಕ್ಕಿಗೆ ಕಲ್ಲು ಬೆರೆಸುವುದಕ್ಕಿಂತ ಕೇಡು. ಕೊರೆದಷ್ಟೂ ಒಳಗಿನ ದಾರ ಹತ್ತಿರವಾಗುತ್ತದೆ. ಹಾಗೆ ಮಾರುವವರು ಮಾರಾಟಗಾರರಲ್ಲ. ನಮ್ಮ ಊರಿನ ಬಹುಮಂದಿ ಟಯರು ವ್ಯಾಪಾರಿಗಳು ಪ್ರಾಮಾಣಿಕರು, ಅವರೂ ಈ ಪತ್ರಿಕೆಯ ಓದುಗರೇ. ಅವರೇ ಇಂಥವರನ್ನು ಬೀದಿಗೆಳೆಯಬೇಕು.

ಹೊಸ ಟಯರು ಕೈಗೆಟುಕದಂತೆ ಮಾಡಿದವರು ಯಾರು? 2018ರ ಆಗಸ್ಟ್ 31ರಂದು ಭಾರತ ಸ್ಪರ್ಧಾ ಆಯೋಗವು ಅಪೊಲೊ, ಎಂ.ಆರ್.ಎಫ್., ಸಿಯೆಟ್, ಜೆ.ಕೆ. ಮತ್ತು ಬಿರ್ಲಾ ಟಯರು ಕಂಪನಿಗಳು 2011-12ರಲ್ಲಿ ಲಾರಿ, ಬಸ್ಸುಗಳ ಟಯರಿನ ಬೆಲೆಯನ್ನು ಕೂಡಿಕೊಂಡು ಏರಿಸಿದವೆಂದು ತೀರ್ಮಾನಿಸಿ, ಒಟ್ಟು 1,788 ಕೋಟಿ ರೂಪಾಯಿಗಳಷ್ಟು ದಂಡ ವಿಧಿಸಿತು. ನ್ಯಾಯಾಲಯದ ತಡೆಯಿಂದ ಆ ಆದೇಶ ಮುಚ್ಚಿದ ಲಕೋಟೆಯಲ್ಲೇ ಉಳಿದು, ಜನರ ಕಣ್ಣಿಗೆ ಬಿದ್ದದ್ದು 2022ರ ಫೆಬ್ರುವರಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಪುನಃ ಪರಿಶೀಲಿಸಿರೆಂದು ಆಯೋಗಕ್ಕೇ ಮರಳಿಸಿತು. ಕಂಪನಿಗಳ ಲೆಕ್ಕ ಇತ್ಯರ್ಥವಾಗಲು ಹತ್ತು ವರ್ಷ ಸಾಲದು, ಚಾಲಕನ ಲೆಕ್ಕ ಇತ್ಯರ್ಥವಾಗಲು ಮೂರು ತಿಂಗಳ ಸಂಬಳ ಸಾಕು!

ಸರ್ಕಾರವೂ ಹಿಂದೆ ಬಿದ್ದಿಲ್ಲ. 2017ರಿಂದ ಎಂಟು ವರ್ಷ ಮೋಟಾರು ಟಯರಿಗೆ ನೂರಕ್ಕೆ 28 ರೂಪಾಯಿ ಜಿ.ಎಸ್.ಟಿ. ಹೇರಿತ್ತು, ಟಯರೆಂದರೆ ಭೋಗದ ವಸ್ತುವೆಂಬಂತೆ. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಸ್ವಾಗತ. ಇಳಿದ ಹತ್ತು ನಿಮ್ಮ ಬಿಲ್ಲಿನಲ್ಲೂ ಇಳಿದಿದೆಯೇ ನೋಡಿಕೊಳ್ಳಿ. ಬಿಲ್ಲು ಕೇಳಿ, ಐ.ಎಸ್.ಐ. ಗುರುತು ನೋಡಿ, ನಾಲ್ಕು ಅಂಕಿಯ ತಾರೀಖು ಓದಿ. ಮೂರು ವರ್ಷ ಗೋದಾಮಿನಲ್ಲಿ ಕೂತದ್ದಕ್ಕೆ ಹೊಸದರ ಬೆಲೆ ಏಕೆ ಕೊಡಬೇಕು? ಇನ್ನೊಂದು ವಿಚಿತ್ರ: 2020ರ ಜುಲೈನಲ್ಲಿ ಸರ್ಕಾರ ನಿಯಮ ತಿದ್ದಿ, ಗಾಳಿಯ ಒತ್ತಡ ತಿಳಿಸುವ ಸಾಧನವೂ ರಿಪೇರಿಯ ಪೆಟ್ಟಿಗೆಯೂ ಇದ್ದರೆ ಟ್ಯೂಬ್‌ಲೆಸ್ ಟಯರಿನ ಸಣ್ಣ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದಿತು. ರಾತ್ರಿ ಹತ್ತು ಗಂಟೆಗೆ ಜಗಳೂರಿನ ಹಾದಿಯಲ್ಲಿ ಪಕ್ಕೆ ಸೀಳಿದ ಟಯರಿಗೆ ಆ ಪೆಟ್ಟಿಗೆಯ ಅಂಟು ಹಚ್ಚಿ ನೋಡಲಿ ಆ ನಿಯಮ ತಿದ್ದಿದವರು.

ನಾವು ಕೇಳುವುದು ದೊಡ್ಡದೇನಲ್ಲ. ಆಳುಗಳನ್ನು ಸಾಗಿಸುವ ಗುತ್ತಿಗೆಯ ಕರಾರಿನಲ್ಲೇ ಟಯರಿನ ಖರ್ಚು ಗಾಡಿಯ ಮಾಲೀಕನದೆಂದೂ ಅದನ್ನು ಚಾಲಕನ ಕೂಲಿಯಿಂದ ಮುರಿಯಕೂಡದೆಂದೂ ಬರೆಯಬೇಕು. ಆ ಕರಾರಿಗೆ ಗಿರಣಿಯ ಆಡಳಿತವೂ ಸಹಿ ಹಾಕಬೇಕು, ಏಕೆಂದರೆ ಗಾಡಿ ಓಡುವುದು ಅವರ ಪಾಳಿಗಾಗಿ. ಸಾರಿಗೆ ಅಧಿಕಾರಿಗಳು ಹೆದ್ದಾರಿಯಲ್ಲಿ ಕಾಗದ ಪತ್ರ ನೋಡುವ ಉತ್ಸಾಹದಲ್ಲಿ ಕಾಲುಪಾಲನ್ನು ಗಿರಣಿ ಗೇಟಿನ ಬಳಿ ಟಯರು ನೋಡಲು ಖರ್ಚು ಮಾಡಬೇಕು, ಅದೂ ಮೇ ತಿಂಗಳಲ್ಲಿ, ಮಳೆಗೆ ಮುನ್ನ. ಹಳೆಯ ಟಯರು ಮಾರುವ ಅಂಗಡಿಯವನು ತಯಾರಾದ ವಾರ, ಇಸವಿಯನ್ನು ಬಿಲ್ಲಿನಲ್ಲಿ ಬರೆದು ಕೊಡಬೇಕು. ಚಾಲಕನಿಂದ ಮುರಿದ ಹಣ ಅವನಿಗೆ ಮರಳಬೇಕು. ಈ ಕೊನೆಯದನ್ನು ಕುರಿತು ಕಾರ್ಮಿಕ ಅಧಿಕಾರಿಗಳಿಗೆ ಬರೆದ ಅರ್ಜಿಗೆ ಆ ವ್ಯಾನಿನಲ್ಲಿ ಬರುವವರೆಲ್ಲರೂ ಸಹಿ ಹಾಕಿದ್ದಾರೆ; ಹೆಗಲಿಗೆ ಪಟ್ಟಿ ಕಟ್ಟಿದಾಕೆ ಎಡಗೈಯ ಹೆಬ್ಬೆಟ್ಟು ಒತ್ತಿದ್ದಾಳೆ.

ಬರುವ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಗಾಡಿಗಳು ತಣ್ಣಗಿರುವಾಗಲೇ, ನಮ್ಮ ಕಚೇರಿಯ ಮುಂದೆ ಗಾಳಿ ಅಳೆಯುವ ಮಾಪಕವನ್ನೂ ಬಟನಿನ ಆಳ ಅಳೆಯುವ ಕಡ್ಡಿಯನ್ನೂ ಇಟ್ಟುಕೊಂಡು ಕೂತಿರುತ್ತೇವೆ. ಆಟೋದವರು, ವ್ಯಾನಿನವರು, ತರಕಾರಿ ಗಾಡಿಯವರು ಬರಬಹುದು, ಹಣವಿಲ್ಲ. ಗುತ್ತಿಗೆದಾರರೂ ಬರಬಹುದು.